ಅತ್ತೆ ಎಣಿಸಿದ ತಿಂಗಳು

ನಮ್ಮ ಮನೆಯಲ್ಲಿ ನನ್ನ ಮುಟ್ಟಿಗಾಗಿ ಎಲ್ಲರೂ ದಾರಿ ಕಾದದ್ದು ಅದೇ ಮೊದಲು. ಅದಕ್ಕೂ ಹಿಂದಿನ ಏಳು ವರ್ಷ ಅದು ಯಾರಿಗೂ ಬೇಡವಾದ ನೆಂಟ. ಬಂತೆಂದು ಗೊತ್ತಾದರೆ ಸಾಕು, ಅತ್ತೆ ಒಲೆಯ ಮುಂದೆ ಮಾತು ಬಿಡುತ್ತಿದ್ದರು, ಮಾವ ರುಮಾಲು ಸುತ್ತಿಕೊಂಡು ಹೊಲಕ್ಕೆ ನಡೆಯುತ್ತಿದ್ದರು, ನಾನು ಬಚ್ಚಲಲ್ಲಿ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ತೊಳೆಯುತ್ತಿದ್ದೆ. ನನ್ನ ಸಿಟ್ಟು ಹುಟ್ಟಿನಿಂದಲೂ ಮೂಗಿನ ತುದಿಯಲ್ಲೇ. ಅಳು ಬಂದರೂ ಸಿಟ್ಟಾಗಿಯೇ ಹೊರಗೆ ಬರುತ್ತದೆ. ಆದರೆ ಆ ಬೇಸಿಗೆಯಲ್ಲಿ ಉದಗೀರದ ಡಾಕ್ಟರ್ ಬಾಯಿ, "ಮುಂದಿನ ಸಲ ಮುಟ್ಟಾದ ಎರಡನೇ ದಿನ ಬಂದುಬಿಡು, ಅವತ್ತಿನಿಂದಲೇ ಶುರು" ಎಂದರು ನೋಡಿ, ಮನೆಯ ಲೆಕ್ಕವೇ ತಿರುವುಮುರುವಾಯಿತು. ಬೆಳಗಾದರೆ ಅತ್ತೆಯದು ಒಂದೇ ಪ್ರಶ್ನೆ.

"ಬಂತೇನವಾ?"

"ಇಲ್ರೀ ಅತ್ತಿ."

"ಏನು ಧಾಡಿ ಬಡದದ ಅದಕ್ಕ! ಬ್ಯಾಡಂದಾಗ ಒಂದ್ ದಿನಾನೂ ತಪ್ಪಲ್ದೆ ಬರ್ತಿತ್ತು."

ಬಂದದ್ದು ಕಾರಹುಣ್ಣಿಮೆಯ ದಿನ. ಅಂಗಳದಲ್ಲಿ ಮಾವನೂ ನನ್ನ ಗಂಡನೂ ಎತ್ತಿನ ಕೋಡಿಗೆ ಬಣ್ಣ ಹಚ್ಚುತ್ತ ಕೂತಿದ್ದರು. ನಾನು ಒಳಗೆ ಮೆಲ್ಲಗೆ ಹೇಳಿದ್ದಷ್ಟೇ. ಅತ್ತೆ ಹೊಸ್ತಿಲಿಗೆ ಓಡಿ, "ಬಂತ್ರೀ, ಬಂತು!" ಎಂದು ಕೂಗಿದರು. ನಮ್ಮವರ ಕೈಯಿಂದ ಕುಂಚ ಬಿತ್ತು. ಮಾವ ಏನೂ ತೋಚದೆ, ಎತ್ತಿಗೆಂದು ತಂದಿಟ್ಟ ಹೋಳಿಗೆಯನ್ನು ತಾವೇ ತಿಂದುಬಿಟ್ಟರು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ ಯಾರು ಬಂದರೆಂದು ಕೇಳಿದರು. ನಾನು ನಾಚಿಕೆಯಿಂದ ಸತ್ತೇಹೋದೆ. ಆದರೆ ಖರೇ ಹೇಳಬೇಕೆಂದರೆ, ಆ ದಿನ ನನ್ನ ಮನಸ್ಸಿಗೂ ಹಾಲು ಕುಡಿದಷ್ಟು ಹಿತವಾಗಿತ್ತು.

ನಮ್ಮೂರು ಔರಾದ ಶಹಾಜನಿಯ ಹತ್ತಿರ, ನಿಲಂಗಾ ತಾಲೂಕು. ಹೊಲದ ಆಚೆ ಬದಿಗೆ ನಿಂತರೆ ಕರ್ನಾಟಕದ ಮೊಬೈಲ್ ಟವರ್ ಕಾಣುತ್ತದೆ. ನಾನು ಆ ಕಡೆಯವಳು, ಭಾಲ್ಕಿ ತಾಲೂಕಿನಿಂದ ಬಂದವಳು. ಗಂಡನ ಮನೆಯಲ್ಲಿ ಆಡುವುದು ಕನ್ನಡ, ಬರೆಯುವುದು ಮರಾಠಿ, ಬೈಯುವುದು ಎರಡರಲ್ಲೂ. ಸೋಯಾ, ತೊಗರಿ ಬೆಳೆಯುವ ಶಿವಭಕ್ತರ ಮನೆ. ಮನೆಯಲ್ಲಿ ಎಲ್ಲರ ಕೊರಳಲ್ಲೂ ಲಿಂಗವಿದೆ. ಲಿಂಗ ಕೊರಳಲ್ಲಿಲ್ಲದೆ ಅತ್ತೆ ಗುಟುಕು ನೀರೂ ಕುಡಿಯುವವರಲ್ಲ.

ಮೊದಲ ಸಲ ಉದಗೀರಕ್ಕೆ ಹೋದಾಗಲೇ ಅತ್ತೆ ನಮ್ಮ ಜೊತೆ ಡಾಕ್ಟರ್ ಬಾಯಿಯ ಕೋಣೆಗೆ ನುಗ್ಗಿ ಕೂತಿದ್ದರು. ತಪಾಸಣೆಗಳೆಲ್ಲ ಮುಗಿದು, ತೊಂದರೆ ನನ್ನಲ್ಲೂ ಚೂರು, ನಮ್ಮವರಲ್ಲೂ ಚೂರು ಎಂದು ಗೊತ್ತಾಗಿತ್ತು. ಡಾಕ್ಟರ್ ಬಾಯಿಯ ತವರು ಬೀದರ, ಕನ್ನಡ ಬರುತ್ತಿತ್ತು. ಅವರು ನಿಧಾನಕ್ಕೆ ತಿಳಿಸಿ ಹೇಳಿದರು: ಪ್ರತಿ ತಿಂಗಳು ನನ್ನ ಒಳಗೆ ಬಲಿಯುವುದು ಒಂದೇ ಅಂಡಾಣು. ಸೂಜಿ ಕೊಟ್ಟು ಒಮ್ಮೆಲೇ ಹತ್ತಾರು ಬಲಿಯುವಂತೆ ಮಾಡುತ್ತಾರೆ. ಬಲಿತ ಮೇಲೆ ಮಂಪರು ಕೊಟ್ಟು ಹೊರಗೆ ತೆಗೆಯುತ್ತಾರೆ. ನಮ್ಮವರ ವೀರ್ಯದೊಂದಿಗೆ ಗಾಜಿನ ತಟ್ಟೆಯಲ್ಲಿ ಕೂಡಿಸುತ್ತಾರೆ. ಕೂಡಿದವು ಲ್ಯಾಬಿನಲ್ಲಿ ಐದು ದಿನ ಬೆಳೆಯುತ್ತವೆ. ಆಮೇಲೆ ಒಂದನ್ನು ನನ್ನ ಗರ್ಭದಲ್ಲಿ ಬಿಡುತ್ತಾರೆ. ಅದು ನಿಂತಿತೋ ಇಲ್ಲವೋ ಎರಡು ವಾರದ ಮೇಲೆ ರಕ್ತ ನೋಡಿದರೆ ತಿಳಿಯುತ್ತದೆ.

ಇಷ್ಟನ್ನೂ ಕೇಳಿ ಅತ್ತೆ ಕೇಳಿದ್ದು ಒಂದೇ ಮಾತು. "ಆ ಐದು ದಿನ ಅದು ಯಾರ ಹಂತ್ಯಾಕ ಇರ್ತದ್ರೀ?"

"ನಮ್ಮ ಹತ್ತಿರ, ಅಜ್ಜಿ. ಲ್ಯಾಬಿನಾಗ."

"ರಾತ್ರಿ?"

"ಮಷೀನ್ ಇರ್ತದ. ಬೆಚ್ಚಗ ಇಟ್ಟಿರ್ತದ."

ಅತ್ತೆ ತಲೆಯಾಡಿಸಿದರು. ಆದರೆ ಮುಖ ನೋಡಿದರೆ ಸಮಾಧಾನವಾದಂತೆ ಕಾಣಲಿಲ್ಲ.

ಸೂಜಿಗಳನ್ನು ಪ್ರತಿ ಸಂಜೆ ನನ್ನ ಹೊಟ್ಟೆಗೆ ಚುಚ್ಚಿದ್ದು ನಮ್ಮವರು. ದಿನವಿಡೀ ಟ್ರ್ಯಾಕ್ಟರಿನ ಚಕ್ರ ಬಿಚ್ಚಿ ಜೋಡಿಸುವ ಗಂಡಸು, ಕೂದಲಿನಷ್ಟು ಸಣ್ಣ ಸೂಜಿ ಹಿಡಿದರೆ ಬೆವರುತ್ತಿದ್ದರು. "ಕಣ್ ಮುಚ್ಚಬ್ಯಾಡ್ರಿ, ಚುಚ್ಚಿಸಿಕೊಳ್ಳಾಕಿ ನಾ!" ಎಂದು ನಾನೇ ಗದರಿಸಬೇಕಾಗುತ್ತಿತ್ತು. ಔಷಧ ತಂಪಿನಲ್ಲಿಡಬೇಕು, ನಮ್ಮೂರಿನಲ್ಲಿ ಕರೆಂಟಿನ ಭರವಸೆಯಿಲ್ಲ. ಒಮ್ಮೆ ಕರೆಂಟು ಹೋಗಿ ಫ್ರಿಜ್ ಬೆಚ್ಚಗಾಗುವ ಹೊತ್ತಿಗೆ ಅತ್ತೆ ಸೂಜಿಯ ಡಬ್ಬಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಕುಡಿಯುವ ನೀರಿನ ರಾಂಜಣದಲ್ಲಿ ಇಳಿಬಿಟ್ಟಿದ್ದರು. ಮಾವ ಗೊತ್ತಿಲ್ಲದೆ ತಂಬಿಗೆ ಅದ್ದಿ, ಕೈಗೆ ಡಬ್ಬಿ ತಗುಲಿ, ನೀರಹಾವು ಎಂದು ಕಿರುಚಿಕೊಂಡರು. ಪೇರಣಿಯ, ಬಿತ್ತನೆಯ ಧಾವಂತದಲ್ಲೂ ನಾವು ನಾಲ್ವರೂ ನೆಲಕ್ಕೆ ಕೂತು ನಕ್ಕೆವು.

ನಡುವೆ ಎರಡು ಮೂರು ಸಲ ಉದಗೀರಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿದೆವು. ಬಲಿತಿವೆ ಎಂದ ಮೇಲೆ ಗಡಿಯಾರ ನೋಡಿ ಕೊಡಬೇಕಾದ ಕೊನೆಯ ಸೂಜಿ. ಅದಾದ ಒಂದೂವರೆ ದಿನಕ್ಕೆ ಸರಿಯಾಗಿ ನಾನು ಆಪರೇಷನ್ ಕೋಣೆಯ ಬಾಗಿಲಲ್ಲಿದ್ದೆ. ನರ್ಸ್ ಬಳೆ, ತಾಳಿ ತೆಗೆಸಿ, ಕೊರಳ ಲಿಂಗಕ್ಕೆ ಕೈ ತೋರಿಸಿದಳು. ಅತ್ತೆ ಸೆರಗಿನಲ್ಲಿ ಅಂಗೈ ಒರೆಸಿಕೊಂಡು ಮುಂದೆ ಚಾಚಿದರು. ನಾನು ಎಚ್ಚರಾಗಿ ಹೊರಗೆ ಬರುವವರೆಗೂ ಅವರು ಆ ಕೈಯನ್ನು ಕೆಳಗಿಳಿಸಲಿಲ್ಲವಂತೆ, ಚಹಾ ಕೂಡ ಮುಟ್ಟಲಿಲ್ಲವಂತೆ. ಲಿಂಗ ಮತ್ತೆ ನನ್ನ ಕೊರಳಿಗೆ ಬಿದ್ದ ಮೇಲೆ ಇಬ್ಬರೂ ಕೂಡಿಯೇ ನೀರು ಕುಡಿದೆವು.

ಹನ್ನೊಂದು ಸಿಕ್ಕಿವೆ ಎಂದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಮರುದಿನ ಫೋನು ಬಂತು, ಆರು ಕೂಡಿವೆ. ಐದನೇ ದಿನ ಮತ್ತೆ ಫೋನು, ಚೆನ್ನಾಗಿ ಬೆಳೆದು ನಿಂತವು ಎರಡು. ಹೀಗೆ ಇಳಿಯುವುದು ಸಹಜ ಎಂದು ಡಾಕ್ಟರ್ ಬಾಯಿ ಮೊದಲೇ ಹೇಳಿದ್ದರು. ಹೇಳಿದ್ದನ್ನು ತಲೆ ಕೇಳುತ್ತದೆ, ಹೊಟ್ಟೆ ಕೇಳುತ್ತದೆಯೇ? ನಾನು ಹಾಸಿಗೆಯಲ್ಲಿ ಗೋಡೆಗೆ ಮುಖಮಾಡಿ ಮಲಗಿದೆ. ಅತ್ತೆ ಮಾತ್ರ, "ಎರಡು ಅಂದ್ರ ಕಮ್ಮಿ ಆಯ್ತೇನು? ನಾ ಮೂರು ಹಡದು ಒಂದೇ ಉಳಿಸಿಕೊಂಡೀನಿ" ಎಂದು ತಲೆ ಸವರಿ ಹೋದರು.

ನನ್ನ ಹೊಟ್ಟೆ ಸೂಜಿಗಳಿಗೆ ಉಬ್ಬಿಕೊಂಡಿತ್ತು. ಅದಿಳಿಯುವವರೆಗೆ ಭ್ರೂಣ ಒಳಗಿಡುವುದು ಬೇಡ, ಎರಡನ್ನೂ ಥಂಡಿಯಲ್ಲಿ ಕಾಪಿಡುತ್ತೇವೆ ಎಂದರು. ದ್ರವ ನೈಟ್ರೋಜನ್ನಿನ ಟ್ಯಾಂಕು ಎಂದು ಡಾಕ್ಟರ್ ಬಾಯಿ ವಿವರಿಸಲು ಹೊರಟರೆ ಅತ್ತೆ ಅರ್ಧಕ್ಕೇ ತಡೆದರು. "ದನದ ಡಾಕ್ಟರ್ ತರ್ತಾನಲ್ರೀ, ಮುಚ್ಚಳ ತೆಗದ್ರ ಹೊಗಿ ಏಳೋ ಕ್ಯಾನು! ನಮ್ಮ ದೇವಣಿ ಆಕಳು ಎರಡು ಸಲ ಅದ್ರಿಂದೇ ಗಬ್ಬಾಗ್ಯದ." ಡಾಕ್ಟರ್ ಬಾಯಿ ನಕ್ಕು ನಕ್ಕು, ಅದೇ ಅಜ್ಜಿ, ಅದೇ ಎಂದರು. ನಾನು ಮಾತ್ರ ಆಕಳ ಸಾಲಿಗೆ ಸೇರಿದ್ದಕ್ಕೆ ದೇವಣಿ ಊರು ದಾಟುವವರೆಗೂ ಬಸ್ಸಿನಲ್ಲಿ ಮುಖ ಉಬ್ಬಿಸಿಕೊಂಡು ಕೂತಿದ್ದೆ.

ವಾರದ ಮೇಲೆ ನಾನು ಓಡಾಡುವಂತಾದಾಗ ಅತ್ತೆ, "ನಡಿ, ಉಮರ್ಗಾಕ ಹೋಗಿ ಬರಾಮು" ಎಂದರು. ಉಮರ್ಗಾ ಅವರ ತವರು. ನಿಲಂಗಾ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಿ, ಬಿಸಿ ಭಜಿ ತಿಂದು, ಮಧ್ಯಾಹ್ನಕ್ಕೆ ಮುಟ್ಟಿದೆವು. ತವರುಮನೆಗೆ ಹೋಗುವ ಬದಲು ಅವರು ನೇರವಾಗಿ ನನ್ನನ್ನು ಕರೆದುಕೊಂಡು ಹೋದದ್ದು ಮಠದ ಅಯ್ಯನವರ ಮನೆಗೆ. ನಮ್ಮ ಮನೆತನಕ್ಕೆ ಲಿಂಗ ಕಟ್ಟುವವರು ಅವರೇ. ಬಸುರಿಗೆ ಎಂಟನೇ ತಿಂಗಳಲ್ಲಿ ಹೊಟ್ಟೆಯಲ್ಲಿರುವ ಕೂಸಿನ ಪಾಲಿನ ಲಿಂಗವನ್ನೂ ಕಟ್ಟುವುದು ನಮ್ಮಲ್ಲಿ ರೂಢಿ. ತಾಯಿ ತನ್ನದರ ಜೊತೆ ಅದನ್ನೂ ಧರಿಸಿ, ಹೆರಿಗೆಯಾದ ಮೇಲೆ ಕೂಸಿಗೆ ಕಟ್ಟುತ್ತಾಳೆ.

ಅತ್ತೆ ಅಯ್ಯನವರ ಪಾದ ಮುಟ್ಟಿ, "ಎರಡು ಲಿಂಗ ಬೇಕ್ರೀ ಅಪ್ಪಾ, ಕೂಸುಗೋಳಿಗಿ" ಎಂದರು.

ಅಯ್ಯನವರು ನನ್ನ ಹೊಟ್ಟೆ ನೋಡಿದರು. "ಎಷ್ಟು ತಿಂಗಳವ್ವಾ?"

"ಹೊಟ್ಟ್ಯಾಗ ಇಲ್ರೀ. ಉದಗೀರದಾಗ ಅವ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅತ್ತೆ ಸೂಜಿಯಿಂದ ಹಿಡಿದು ಹೊಗೆಯ ಕ್ಯಾನಿನವರೆಗೆ ಎಲ್ಲವನ್ನೂ ಹೇಳಿದರು. ಅಯ್ಯನವರು ಕೇಳಿ ಕೇಳಿ ಗಡ್ಡ ಕೆರೆದುಕೊಂಡರು. "ಅದೆಲ್ಲಾ ಖರೆ. ಆದ್ರ ಎಂಟನೇ ತಿಂಗಳಿಗಿ ಕಟ್ಟೋದು ಪದ್ಧತಿ."

"ಅತ್ತಿ, ಬರ್ರೀ ಹೋಗಾಮು," ನಾನು ಸೆರಗು ಜಗ್ಗಿದೆ. "ಕೂಸು ಹುಟ್ಟೋ ಮೊದ್ಲೇ ಕುಲಾವಿ ಹೊಲಿಸ್ದಂಗ ಆಯ್ತಿದು."

ಅತ್ತೆ ನನ್ನ ಕೈ ಕೊಡವಿದರು. "ಹೊಟ್ಟ್ಯಾಗಿನ ಕೂಸು ಎಂಟು ತಿಂಗಳು ತಡೀಬಹುದ್ರೀ ಅಪ್ಪಾ. ತಾಯಿ ಕೊರಳಾಗಿನ ಲಿಂಗ ಅದಕ್ಕೂ ಕಾವಲಿರ್ತದ. ಇವು ಹೊರಗ ಬಿದ್ದಾವ, ಪರ ಊರಾಗ, ಥಂಡ್ಯಾಗ. ಇವಕ್ಕ ಯಾರು ಕಾವಲು ಹೇಳ್ರಿ?"

ಅಯ್ಯನವರು ಗಟ್ಟಿಯಾಗಿ ನಕ್ಕರು. "ನಮ್ಮಪ್ಪಗ, ನಮ್ಮಜ್ಜಗ ಯಾರಿಗೂ ಹಿಂಥಾ ಸವಾಲು ಬಂದಿಲ್ಲವ್ವಾ. ನನ್ನ ನಸೀಬಕ್ಕ ಬಂತು." ಒಳಗೆ ಹೋಗಿ ಎರಡು ಪುಟ್ಟ ಲಿಂಗಗಳನ್ನು ಪೂಜಿಸಿ, ಬಿಳಿ ವಸ್ತ್ರದಲ್ಲಿ ಕಟ್ಟಿ ತಂದು, ಯಾರ ಕೊರಳಿಗೆ ಎಂದು ಕೇಳಿದರು. ನಾನು ಹಿಂದೆ ಸರಿದೆ. ಅತ್ತೆ ತಮ್ಮ ಕೊರಳು ಬಗ್ಗಿಸಿದರು.

ಅಲ್ಲಿಂದ ಶುರುವಾಯಿತು ನೋಡಿ ಪೀಕಲಾಟ! ಒಂದೇ ಕೊರಳಲ್ಲಿ ಮೂರು ಲಿಂಗ ಕಂಡರೆ ಊರು ಸುಮ್ಮನಿರುತ್ತದೆಯೇ? ಹಿಟ್ಟಿನ ಗಿರಣಿಯಲ್ಲಿ ಯಾರೋ ಕೇಳಿದ್ದಾರೆ. ಅತ್ತೆ, "ನಮ್ಮ ಮೊಮ್ಮಕ್ಕಳವು. ಉದಗೀರ ದವಾಖಾನ್ಯಾಗ ಅವ" ಎಂದಿದ್ದಾರೆ. ಮರುದಿನ ಬೆಳಿಗ್ಗೆ ನಾನು ತಲೆಯ ಮೇಲೆ ಮೇವಿನ ಹೊರೆ ಹೊತ್ತು ಅಂಗಳಕ್ಕೆ ಬಂದರೆ, ಪಕ್ಕದ ಮನೆಯ ಅಜ್ಜಿ ಕಟ್ಟೆಯ ಮೇಲೆ ಕೂತಿದ್ದಾರೆ. ತೊಡೆಯ ಮೇಲೆ ಎರಡು ಹೊಸ ಕುಂಚಿಗೆ, ಕೈಯಲ್ಲಿ ಅಂಟಿನುಂಡೆಯ ಡಬ್ಬಿ. ಬಾಣಂತಿಯನ್ನು ನೋಡಲು ಬಂದವರು. ನನ್ನನ್ನೂ ಹೊರೆಯನ್ನೂ ನೋಡಿ ಅವರ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು.

"ಅಗಂ ಬಾಯಿ! ಅವಳಿ ಹಡದಾಕಿ ಹುಲ್ಲು ಹೊರ್ತಾಳಲ್ಲೇ!"

ನಾನು ಹೊರೆಯನ್ನು ಅಲ್ಲೇ ಕೆಡವಿ ಒಳಗೆ ಹೋಗಿ ಅತ್ತೆಗೆ ಚೆನ್ನಾಗಿ ಬೈದೆ. ಅತ್ತೆ ಅಂಟಿನುಂಡೆ ಮುರಿದು ನನ್ನ ಬಾಯಿಗೆ ತುರುಕಿ, "ತಿನ್ನು, ಹ್ಯಾಂಗೂ ಮುಂದ ತಿನ್ನೋದೇ ಅದ" ಎಂದರು. ಉಂಡೆ ಮಾತ್ರ ಬಹಳ ರುಚಿಯಾಗಿತ್ತು.

ಶ್ರಾವಣ ಹುಟ್ಟುತ್ತಲೇ ಮೊದಲನೆಯದನ್ನು ಒಳಗೆ ಬಿಟ್ಟರು. ನೋವಿಲ್ಲ, ಮಂಪರಿಲ್ಲ, ಹೊಟ್ಟೆ ತುಂಬ ನೀರು ಕುಡಿದು ಮಲಗಬೇಕು ಅಷ್ಟೇ. ಪರದೆಯ ಮೇಲೆ ಬಿಳಿ ಚುಕ್ಕೆಯೊಂದು ಜಾರಿ ಒಳಗೆ ಹೋಗುವುದನ್ನು ನಾನೇ ನೋಡಿದೆ. ಹೊರಗೆ ಬಂದಾಗ ಅತ್ತೆ ಎರಡರಲ್ಲಿ ಒಂದು ಲಿಂಗ ಬಿಚ್ಚಿ ನನಗೆ ಕಟ್ಟಿದರು. "ಈಗ ಅದು ನಿನ್ನ ಹಂತ್ಯಾಕ ಬಂತು. ನೀನೇ ನೋಡ್ಕೊ." ಪಂಚಮಿಯಲ್ಲಿ ಓಣಿಯ ಹುಡುಗಿಯರು ಜೋಕಾಲಿ ಆಡಿದರು, ನಾನು ಕಿಟಕಿಯಲ್ಲಿ ಕೂತು ನೋಡಿದೆ. ಎರಡು ವಾರದ ಮೇಲೆ ರಕ್ತ ಕೊಟ್ಟೆವು. ನಿಂತಿರಲಿಲ್ಲ.

ಮನೆಗೆ ಬಂದವಳೇ ನಾನು ಆ ಲಿಂಗ ಬಿಚ್ಚಿ ಅತ್ತೆಯ ಮುಂದಿಟ್ಟೆ. "ತಗೋರಿ. ಮೊದ್ಲೇ ಹೇಳಿದ್ದಿಲ್ಲೇನು ನಾ? ಊರ ತುಂಬ ಡಂಗುರ ಹೊಡ್ದು ಏನ್ ಬಂತು?" ಅತ್ತೆ ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಅವರು ಖುರಪಿ ತೆಗೆದುಕೊಂಡು ಒಬ್ಬರೇ ಹೊಲದ ಕಡೆ ಹೋದರು. ಮಳೆ ಹನಿಯುತ್ತಿತ್ತು, ಕಳೆ ತೆಗೆಯುವ ಹವೆಯಲ್ಲ. ನನಗೆ ಸಿಟ್ಟಿನ ಜೊತೆಗೆ ಹೆದರಿಕೆಯೂ ಆಗಿ ಹಿಂದೆ ಹೋದೆ. ನಮ್ಮ ಹೊಲದ ಮೂಲೆಯಲ್ಲಿ, ಬೇವಿನ ಗಿಡದ ಕೆಳಗೆ, ಮನೆತನದ ಹಿರಿಯರನ್ನು ಮಣ್ಣು ಮಾಡಿದ ಜಾಗವಿದೆ. ಮಾತು ಬರುವ ಮೊದಲೇ ತೀರಿಹೋದ ಅತ್ತೆಯ ಎರಡು ಕೂಸುಗಳೂ ಅಲ್ಲೇ ಇವೆ. ಅವುಗಳ ಪಕ್ಕದಲ್ಲಿ ಅತ್ತೆ ಗೇಣುದ್ದ ಕುಣಿ ತೋಡುತ್ತಿದ್ದರು. ನಮ್ಮಲ್ಲಿ ಸತ್ತವರನ್ನು ಹೂಳುವಾಗ ಅವರ ಲಿಂಗವೂ ಅವರ ಜೊತೆಗೇ ಹೋಗುತ್ತದೆ.

"ಏನ್ ಮಾಡ್ಲಕತ್ತೀರಿ ಅತ್ತಿ? ಅದು ಬರೀ ಚುಕ್ಕಿರೀ, ಚುಕ್ಕಿ!"

"ಚುಕ್ಕಿ ಆದ್ರ ಏನಾಯ್ತು? ನಮ್ಮ ಮನೀದು." ಅವರು ತಲೆಯೆತ್ತಲಿಲ್ಲ. "ಲಿಂಗ ಕೊಡ್ದೆ ಹ್ಯಾಂಗ ಕಳಿಸ್ಲಿ ಅದಕ್ಕ?"

ಏಳು ವರ್ಷ ನಾನು ಪಾತ್ರೆ ಕುಕ್ಕಿದ್ದೆ, ಬಾಗಿಲು ಬಡಿದಿದ್ದೆ. ಅವತ್ತು ಆ ಹಸಿ ಮಣ್ಣಿನಲ್ಲಿ ಕೂತು ಬಾಯಿಬಿಟ್ಟು ಅತ್ತುಬಿಟ್ಟೆ. ಅತ್ತೆಯೂ ಅತ್ತರು. ಅವರ ಕೈಯಿಂದ ಖುರಪಿ ತೆಗೆದುಕೊಂಡು ಮಣ್ಣು ಮುಚ್ಚಿದವಳು ನಾನೇ.

ಮನೆಗೆ ಬರುವ ದಾರಿಯಲ್ಲಿ ಹೇಳಿದೆ, "ಅತ್ತಿ, ಇನ್ನೊಂದು ಅದ ಅಲ್ಲಿ. ಅದೇ ಕಡೀದು. ಅದು ನಿಲ್ಲಲಿಲ್ಲಂದ್ರ ಮತ್ತ ಸೂಜಿ ಚುಚ್ಚಿಸಿಕೊಳ್ಳಂಗಿಲ್ಲ ನಾ, ದೇವರು ಬಂದು ಹೇಳಿದ್ರೂ. ಮತ್ತ ಅದರ ಗುಂಡಿಗಿ ಬಡಕೊಳ್ಳೋದು ಕೇಳೋ ತನಕ ಆ ಲಿಂಗ ನನಗ ಕಟ್ಟಬ್ಯಾಡ್ರಿ."

"ಆಯ್ತವಾ. ನನ್ನ ಕೊರಳು ಗಟ್ಟಿ ಅದ."

ನನ್ನ ಮೈಯೂ ಮನಸ್ಸೂ ಸುಧಾರಿಸಲೆಂದು ಡಾಕ್ಟರ್ ಬಾಯಿ ನಾಲ್ಕು ತಿಂಗಳು ಬಿಡುವು ಕೊಟ್ಟರು. ಸೋಯಾ ರಾಶಿಯಾಯಿತು, ದೀಪಾವಳಿ ಬಂತು. ಪಾಡ್ಯದ ದಿನ ಅತ್ತೆ ಎಣ್ಣೆ ಹಚ್ಚುತ್ತ, "ಅದಕ್ಕ ಈಗ ನಾಕು ತಿಂಗಳು ತುಂಬ್ತು" ಎಂದರು.

"ಯಾವದಕ್ಕ?"

"ಉದಗೀರದಾಗ ಇದ್ದದ್ದಕ್ಕ. ಇದು ಅದರ ಮೊದಲನೇ ದೀಪಾವಳಿ."

"ಅತ್ತಿ, ಅದು ಐದು ದಿನದ್ದು ರೀ. ಥಂಡ್ಯಾಗ ಇಟ್ರ ಅಲ್ಲಿಗೇ ನಿಲ್ತದ, ಬೆಳ್ಯಂಗಿಲ್ಲ. ಡಾಕ್ಟರ್ ಹೇಳ್ಯಾರ."

"ಬೆಳೀದಿದ್ರ ದಿನ ಹೋಗಂಗಿಲ್ಲೇನು? ಕುಂತಲ್ಲೇ ಕುಂತಾಕಿಗೂ ವಯಸ್ಸಾಗ್ತದ, ನಿನ್ನ ಸೋದರತ್ತಿಗಿ ನೋಡು."

ಈ ಜಗಳ ನಮ್ಮ ಮನೆಯಲ್ಲಿ ಚಳಿಗಾಲ ಪೂರ್ತಿ ನಡೆಯಿತು. ಮಾವ ಅತ್ತೆಯ ಕಡೆ, ನಮ್ಮವರು ನನ್ನ ಕಡೆ. ಡಾಕ್ಟರ್ ಬಾಯಿಯ ಮುಂದೆ ತೀರ್ಪಿಗೆ ಹೋದರೆ ಅವರು, "ನಮ್ಮ ಪುಸ್ತಕದಾಗ ಅದಕ್ಕ ಐದೇ ದಿನ. ಆದ್ರ ಅಜ್ಜಿ ಕೂಡ ವಾದ ಮಾಡೋ ಪುಸ್ತಕ ನನ್ನ ಹಂತ್ಯಾಕ ಇಲ್ಲ" ಎಂದು ಜಾರಿಕೊಂಡರು.

ಎಳ್ಳಮಾಸೆಯ ಹೊತ್ತಿಗೆ ನನ್ನ ಗರ್ಭಕೋಶದ ಒಳಪದರ ದಪ್ಪವಾಗಲು ಗುಳಿಗೆ ಶುರುವಾಗಿತ್ತು. ಆ ದಿನ ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ, ದವಾಖಾನೆಯವರೂ ಅವರವರ ಹೊಲಕ್ಕೆ ಹೋಗಿದ್ದರು. ಜೋಳದ ಕಣಿಕೆ ನಿಲ್ಲಿಸಿ ಗುಡಿಸಲಂತೆ ಕಟ್ಟಿದ ಕೊಪ್ಪಿಯ ಮುಂದೆ ಕೂತು ಕಾಳು-ಕಾಯಿಪಲ್ಯದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಹೊಡೆದೆವು. ಅಂಬಲಿಯ ಜೊತೆಗೇ ನಾನು ಗುಳಿಗೆ ನುಂಗಿದೆ. ಮಾವ ಭೂಮಿತಾಯಿಗೆ ಎಡೆಯೆಂದು ಚರಗ ಚೆಲ್ಲುತ್ತ ಹೊಲ ಸುತ್ತುವಾಗ ಬೇವಿನ ಗಿಡದ ಹತ್ತಿರ ಸ್ವಲ್ಪ ಹೆಚ್ಚೇ ಚೆಲ್ಲಿದರು.

ಕೆಲವೇ ದಿನಕ್ಕೆ ಒಳಗೆ ಬಿಡುವ ದಿನ ಗೊತ್ತಾಯಿತು. ಅದಕ್ಕೂ ಮೊದಲು ಒಂದು ಕಂಟಕವಿತ್ತು. ಥಂಡಿಯಿಂದ ತೆಗೆದಾಗ ಬಹುತೇಕ ಭ್ರೂಣಗಳು ಚೇತರಿಸಿಕೊಳ್ಳುತ್ತವೆ, ಕೆಲವು ಚೇತರಿಸಿಕೊಳ್ಳುವುದಿಲ್ಲ. "ಬೆಳಿಗ್ಗೆ ತೆಗೆದು ನೋಡಿ ಫೋನ್ ಮಾಡ್ತೀವಿ. ಅದು ಚಂದ ಇದ್ರ ಮಾತ್ರ ಒಳಗ ಬಿಡೋದು" ಎಂದಿದ್ದರು. ಇದ್ದದ್ದೇ ಒಂದು. ಅದು ಹೋದರೆ ಎಲ್ಲ ಮುಗಿದಂತೆಯೇ.

ಮನೆಯಲ್ಲಿ ಕೂತು ಫೋನಿಗೆ ಕಾಯುವುದು ಯಾರಿಂದಲೂ ಆಗಲಿಲ್ಲ. ಮೊದಲ ಬಸ್ಸಿಗೇ ಹತ್ತಿದೆವು. ಫೋನು ನಮ್ಮವರ ಕೈಯಲ್ಲಿ. ಅದು ದೇವಣಿ ಸ್ಟ್ಯಾಂಡಿನಲ್ಲಿ ರಿಂಗಾಯಿತು. ನಮ್ಮವರು ನನ್ನತ್ತ ಚಾಚಿದರು, ನಾನು ಅತ್ತೆಯತ್ತ ಚಾಚಿದೆ, ಅತ್ತೆ ಕಂಡಕ್ಟರನತ್ತ ಚಾಚಲು ಹೋದರು. ಕೊನೆಗೆ ನಾನೇ ಕಿವಿಗಿಟ್ಟೆ.

"ಛಾನ್ ಆಹೇ," ಎಂದಿತು ಲ್ಯಾಬಿನ ಹುಡುಗಿಯ ಧ್ವನಿ. "ಯಾ ತುಮ್ಹಿ." ಚೆನ್ನಾಗಿದೆ, ಬನ್ನಿ ಎಂದು.

ನಾನು ಅಲ್ಲೇ, ತುಂಬಿದ ಬಸ್ಸಿನಲ್ಲಿ, ಗಂಡನ ಬೆನ್ನಿಗೆ ದಬದಬ ಗುದ್ದಿದೆ. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ. ಅತ್ತೆ ಪಕ್ಕದ ಸೀಟಿನ ಅಪರಿಚಿತ ಹೆಂಗಸಿಗೆ, "ನಮ್ಮ ಕೂಸು ಎದ್ದದಂತ್ರೀ" ಎಂದರು. ಆಕೆ, "ಹಾಲು ಕುಡಸ್ರಿ ಹಂಗಾದ್ರ" ಎಂದ ಸಾದಾ ಉತ್ತರಕ್ಕೆ ಮೂವರೂ ಉದಗೀರದವರೆಗೆ ನಕ್ಕೆವು.

ಎರಡು ವಾರದ ಮೇಲಿನ ರಕ್ತದಲ್ಲಿ ಬಸಿರು ನಿಂತದ್ದು ಕಂಡಿತು. ನಾನು ನಂಬಲಿಲ್ಲ. ಎರಡು ದಿನ ಬಿಟ್ಟು ಮತ್ತೆ ನೋಡಿದರೆ ಹಾರ್ಮೋನು ಇಮ್ಮಡಿಯಾಗಿತ್ತು. ಆಗಲೂ ನಂಬಲಿಲ್ಲ. ಅತ್ತೆ ಲಿಂಗ ಬಿಚ್ಚಲು ಕೊರಳಿಗೆ ಕೈ ಹಾಕಿದರೆ ನಾನು ತಲೆ ಅಲ್ಲಾಡಿಸಿದೆ. ಮತ್ತೆರಡು ವಾರದ ಮೇಲೆ ಸ್ಕ್ಯಾನ್. ಡಾಕ್ಟರ್ ಬಾಯಿ ಅತ್ತೆಯನ್ನೂ ಒಳಗೆ ಕರೆದರು. ಪರದೆಯಲ್ಲಿ ಕಪ್ಪು ಗುಂಡಿಯಂಥದ್ದು, ಅದರೊಳಗೆ ಕಾಳಿನಷ್ಟು ಬೆಳಕು, ಆ ಬೆಳಕಿನ ನಡುವೆ ಏನೋ ಮಿಡಿಯುತ್ತಿದೆ. ಬಿಡುವಿಲ್ಲದೆ, ಒಂದೇ ಸಮನೆ, ಯಾರ ಹಂಗೂ ಇಲ್ಲದೆ ಮಿಡಿಯುತ್ತಿದೆ!

"ಆರೂವರಿ ವಾರ," ಎಂದರು ಡಾಕ್ಟರ್ ಬಾಯಿ.

ಅತ್ತೆಯ ಕಿವಿ ನೆಟ್ಟಗಾಯಿತು. "ಒಳಗ ಬಿಟ್ಟು ನಾಕೇ ವಾರ ಆಯ್ತಲ್ರೀ?"

"ಬಸಿರು ಎಣಿಸೋದೇ ಹಂಗ ಅಜ್ಜಿ. ಎಲ್ಲಾರಿಗೂ ಹಿಂದಿನ ಮುಟ್ಟಿನಿಂದ ಲೆಕ್ಕ ಹಿಡೀತೀವಿ."

"ಅಂದ್ರ ನೀವೂ ಇಲ್ಲದ ದಿನ ಎಣಿಸ್ತೀರಿ!" ಅತ್ತೆ ಗೆದ್ದವರಂತೆ ನನ್ನ ಕಡೆ ತಿರುಗಿದರು. "ಕೇಳ್ದೇನವಾ? ನಾ ಎಣಿಸಿದ್ರ ಹುಚ್ಚಿ."

ನಾನು ಮಲಗಿದಲ್ಲಿಂದಲೇ ಕೊರಳು ಮುಂದೆ ಮಾಡಿದೆ. "ಕಟ್ರಿ ಅತ್ತಿ," ಎಂದೆ. ಅವರ ಕಣ್ಣು ಪರದೆಯ ಮೇಲೆಯೇ ಇತ್ತು, ಗಂಟು ಬೀಳಲೇ ಇಲ್ಲ. ನರ್ಸ್ ಬಂದು ಕಟ್ಟಿದಳು.

ಆಮೇಲಿನ ತಿಂಗಳುಗಳನ್ನು ಏನು ಹೇಳಲಿ! ವಾಂತಿಯಾದರೂ ಖುಷಿ, ಕಾಲು ಬಾತರೂ ಖುಷಿ. ಬೇಸಿಗೆಯಲ್ಲಿ ಹುಣಸೆ ಚಿಗುರಿನ ಚಟ್ನಿ ಬೇಕೆಂದರೆ ಮಾವ ಮೂರು ಊರು ಸುತ್ತಿದರು. ಸೀಮಂತಕ್ಕೆಂದು ಮಾಡಿದ ಕುಪ್ಪಸದ ಊಟದಲ್ಲಿ ಬಂದ ಹೆಂಗಸರು ಎಷ್ಟು ತಿಂಗಳೆಂದು ಕೇಳಿದರೆ ನಾನು ಏಳು ಎನ್ನುತ್ತಿದ್ದೆ, ಅತ್ತೆ ಹಿಂದಿನಿಂದ ಹನ್ನೆರಡು ಎನ್ನುತ್ತಿದ್ದರು. ನಮ್ಮತ್ತೆಗೆ ವಯಸ್ಸಾಯಿತೆಂದು ಎಲ್ಲರೂ ನನ್ನ ಮೇಲೆ ಕರುಣೆ ತೋರಿದರು. ನಾನೂ, ಹೌದ್ರೀ ಏನ್ ಮಾಡೋದು ಎಂದು ನಿಟ್ಟುಸಿರು ಬಿಟ್ಟು ಅತ್ತೆಯ ಕಡೆ ಕಣ್ಣು ಹೊಡೆಯುತ್ತಿದ್ದೆ.

ಹೆರಿಗೆ ಉದಗೀರದಲ್ಲೇ ಆಯಿತು, ಸೋಯಾ ಕೊಯ್ಲಿಗೆ ಬರುವ ಹೊತ್ತಿಗೆ. ಹೆಣ್ಣು ಕೂಸು. ನನ್ನನ್ನು ವಾರ್ಡಿಗೆ ತಂದು ಮಲಗಿಸಿದಾಗ ಅತ್ತೆ ಗೋಡೆಗೆ ಒರಗಿ, ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎದೆಗೆ ಹಿಡಿದು ನಿಂತಿದ್ದರು. ಗಿರಣಿಯಲ್ಲಿ, ಬಸ್ಸಿನಲ್ಲಿ, ಮಠದಲ್ಲಿ ಎಲ್ಲರೊಡನೆ ಮಾತಾಡಿದ ನಮ್ಮತ್ತೆಗೆ ಆಗ ಒಂದು ಅಕ್ಷರವೂ ಹೊರಡುತ್ತಿರಲಿಲ್ಲ. ಬರೀ ಕಣ್ಣೀರು ಸುರಿಯುತ್ತಿತ್ತು. ಮಗು ಕಣ್ಣು ಪಿಳಿಪಿಳಿ ಬಿಟ್ಟು ಅವರನ್ನೇ ನೋಡುತ್ತಿತ್ತು.

ಪಕ್ಕದ ಹಾಸಿಗೆಯ ಬಾಣಂತಿಯ ತಾಯಿ, ಜಳಕೋಟದ ಕಡೆಯವರು, ಅವರನ್ನು ಮಾತಾಡಿಸಲು ನೋಡಿದರು. "ಏಟು ಚುರುಕದ ರೀ ಕೂಸು! ಎಷ್ಟು ದಿನದ್ದು?"

ಅತ್ತೆ ಕೂಸನ್ನು ಇನ್ನಷ್ಟು ಎದೆಗೆ ಒತ್ತಿಕೊಂಡರು. ಹೊಲಿಗೆ ಎಳೆಯುತ್ತಿದ್ದರೂ ನಾನು ಮೊಣಕೈ ಊರಿ ಎದ್ದೆ.

"ಹದಿನಾಕು ತಿಂಗಳಿಂದ್ರೀ," ಎಂದೆ. "ಇವತ್ತು ಕೈಗಿ ಬಂದದ."

ಆಕೆ ನನ್ನನ್ನೊಮ್ಮೆ, ಗೇಣುದ್ದದ ಕೂಸನ್ನೊಮ್ಮೆ ನೋಡಿದರು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು.

"ಹದಿನಾಕು ತುಂಬಿ ಹದಿನೈದರಾಗ ಬಿದ್ದದ," ಎಂದರು ನನಗೆ. "ಬರಾಬರಿ ಎಣಿಸು."